ಸುವಾರ್ತೆಯನ್ನೂ ಕೀರ್ತನೆಗಳನ್ನೂ ಮನೆಯಲ್ಲಿ ಜೊತೆಯಾಗಿ ಓದುವ ಕ್ರಮ

ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ: ಬೈಬಲ್ ಮನೆಯಲ್ಲಿದೆ, ಓದುವ ಮನಸ್ಸೂ ಇದೆ, ಆದರೆ ಎಲ್ಲಿಂದ ಆರಂಭಿಸಬೇಕು, ಮತ್ತು ಓದಿದ್ದರಿಂದ ನಮ್ಮ ಬದುಕಿಗೆ ಬೇಕಾದ ಪಾಠವನ್ನು ತೆಗೆದುಕೊಳ್ಳುವುದು ಹೇಗೆ? ಒಂದು ಸುವಾರ್ತೆಯನ್ನೂ ಅದಕ್ಕೆ ಜೊತೆಯಾಗುವ ಕೀರ್ತನೆಗಳನ್ನೂ ಒಟ್ಟಿಗೆ ಹಿಡಿದುಕೊಳ್ಳಿ ಎಂಬುದೇ ನನ್ನ ಸಲಹೆ. ಕೀರ್ತನೆಗಳು ಎಂದರೆ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿರುವ ಪ್ರಾರ್ಥನಾ ಗೀತೆಗಳು; ಯೇಸುಸ್ವಾಮಿ ಪ್ರಾರ್ಥಿಸಿದ ಪುಸ್ತಕ ಅದು. ಅವರು ಬೋಧಿಸುವಾಗ ಅದರಿಂದ ಮಾತು ತೆಗೆದರು, ವಾದಿಸುವಾಗ ಅದನ್ನು ಮುಂದಿಟ್ಟರು, ಶಿಲುಬೆಯ ಮೇಲೆ ಅದರ ಮಾತಿನಿಂದಲೇ ಕೂಗಿದರು. ಆದುದರಿಂದ ಕೀರ್ತನೆಗಳನ್ನು ಬಿಟ್ಟು ಸುವಾರ್ತೆಯನ್ನು ಓದಿದರೆ ಯೇಸು ಏನು ಹೇಳಿದರು ಎಂಬುದು ತಿಳಿಯುತ್ತದೆಯೇ ಹೊರತು, ಯಾವ ಪ್ರಾರ್ಥನೆಯ ಒಳಗಿನಿಂದ ಹೇಳಿದರು ಎಂಬುದು ತಿಳಿಯುವುದಿಲ್ಲ.

ಬೇಕಾಗುವ ಸಾಮಗ್ರಿ

ಒಂದು ಕನ್ನಡ ಬೈಬಲ್, ಒಂದು ನೋಟುಪುಸ್ತಕ, ದಿನಕ್ಕೆ ಕಾಲು ಗಂಟೆ. ಮನೆಮಂದಿ ಸೇರಿ ಓದುವುದಾದರೆ ಎಲ್ಲರ ಕೈಯಲ್ಲೂ ಒಂದೇ ಅನುವಾದವಿರಲಿ. ಒಬ್ಬರು ಹಳೆಯ ಸತ್ಯವೇದವನ್ನೂ ಮತ್ತೊಬ್ಬರು ಮೊಬೈಲಿನಲ್ಲಿರುವ ಹೊಸ ಅನುವಾದವನ್ನೂ ಹಿಡಿದು ಕುಳಿತರೆ ಮಾತು ಪಾಠದ ಕಡೆಗೆ ಹೋಗದೆ ಪದಗಳ ಕಡೆಗೆ ಹೋಗುತ್ತದೆ.

ಕೆಲವು ಪದಗಳನ್ನು ಮೊದಲೇ ತಿಳಿದುಕೊಳ್ಳಿ. ಮತ್ತಾಯ, ಮಾರ್ಕ, ಲೂಕ, ಯೋಹಾನ ಎಂಬ ನಾಲ್ವರ ಹೆಸರಿನಲ್ಲಿರುವ ಯೇಸುವಿನ ಚರಿತ್ರೆಗಳೇ ಸುವಾರ್ತೆಗಳು. ಕಥೋಲಿಕ ಮನೆಗಳಲ್ಲಿ ಇವನ್ನೇ ಶುಭಸಂದೇಶ ಎನ್ನುತ್ತಾರೆ. ಕೀರ್ತನೆಗಳು ಒಟ್ಟು 150 ಇದ್ದು, ಐದು ಭಾಗಗಳಾಗಿ ಜೋಡಣೆಯಾಗಿವೆ. ‘ಮಾರ್ಕ 4:3’ ಎಂದು ಬರೆದಿದ್ದರೆ ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದ 3ನೇ ವಚನ ಎಂದರ್ಥ. ಕೀರ್ತನೆಗಳ ನಡುವೆ ಅಲ್ಲಲ್ಲಿ ಕಾಣುವ ‘ಸೆಲಾ’ ಎಂಬುದು ಹಾಡುವವರಿಗೋ ವಾದ್ಯ ನುಡಿಸುವವರಿಗೋ ಕೊಟ್ಟ ಸೂಚನೆಯಾಗಿರಬೇಕೆಂದು ವಿದ್ವಾಂಸರು ಭಾವಿಸುತ್ತಾರೆ. ಅದನ್ನು ಗಟ್ಟಿಯಾಗಿ ಓದಬೇಕಾಗಿಲ್ಲ.

ಸಂಖ್ಯೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಹೀಬ್ರೂ ಮೂಲದಲ್ಲಿ 9 ಮತ್ತು 10 ಎಂದು ಎರಡಾಗಿರುವ ಕೀರ್ತನೆಗಳು ಪ್ರಾಚೀನ ಗ್ರೀಕ್ ಅನುವಾದದಲ್ಲಿ ಒಂದೇ ಆಗಿವೆ. ಆ ಲೆಕ್ಕವನ್ನು ಅನುಸರಿಸುವ ಹಳೆಯ ಕಥೋಲಿಕ ಪ್ರಾರ್ಥನಾ ಪುಸ್ತಕಗಳಲ್ಲಿ ಅಲ್ಲಿಂದ ಮುಂದಿನ ಬಹುಪಾಲು ಕೀರ್ತನೆಗಳ ಸಂಖ್ಯೆ ಒಂದು ಕಡಿಮೆ ಇರುತ್ತದೆ. ‘ಯೆಹೋವನು ನನಗೆ ಕುರುಬನು’ ಎಂಬ 23ನೇ ಕೀರ್ತನೆ ಅಲ್ಲಿ 22 ಆಗಿರುತ್ತದೆ. ಅಜ್ಜಿ ಹೇಳಿದ ಸಂಖ್ಯೆಗೂ ನಿಮ್ಮ ಪುಸ್ತಕಕ್ಕೂ ತಾಳೆಯಾಗದಿದ್ದರೆ ಯಾರದೂ ತಪ್ಪಲ್ಲ, ಪಕ್ಕದ ಕೀರ್ತನೆಯನ್ನು ನೋಡಿ. ಈ ಲೇಖನದಲ್ಲಿ ನಾನು ಬಳಸಿರುವುದು ಹೀಬ್ರೂ ಸಂಖ್ಯೆ.

1. ಒಂದು ಕ್ರಮವನ್ನು ಮೊದಲೇ ನಿಶ್ಚಯಿಸಿಕೊಳ್ಳಿ

ಮಾರ್ಕನ ಸುವಾರ್ತೆಯಿಂದ ಆರಂಭಿಸಿ. ನಾಲ್ಕರಲ್ಲಿ ಅದೇ ಚಿಕ್ಕದು, 16 ಅಧ್ಯಾಯಗಳು ಮಾತ್ರ; ಮತ್ತಾಯನಂತೆ ವಂಶಾವಳಿಯಿಂದ ತೊಡಗದೆ ನೇರವಾಗಿ ವಿಷಯಕ್ಕೆ ಬರುತ್ತದೆ. ಒಂದು ದಿನಕ್ಕೆ ಒಂದು ಪ್ರಸಂಗ ಸಾಕು, ಇಡೀ ಅಧ್ಯಾಯ ಬೇಡ. ಜೊತೆಗೆ ವಾರಕ್ಕೊಂದು ಕೀರ್ತನೆಯನ್ನು ಆರಿಸಿಕೊಂಡು ಏಳು ದಿನವೂ ಅದನ್ನೇ ಓದಿ. ಮೊದಲ ಕೆಲವು ವಾರಗಳಿಗೆ 1, 23, 121, 13, 51, 15 ಮತ್ತು 22ನೇ ಕೀರ್ತನೆಗಳನ್ನು ಈ ಕ್ರಮದಲ್ಲೇ ತೆಗೆದುಕೊಳ್ಳಬಹುದು.

ಕಥೋಲಿಕ ಓದುಗರಿಗೆ ಇನ್ನೂ ಸುಲಭದ ದಾರಿಯಿದೆ. ಭಾನುವಾರದ ಬಲಿಪೂಜೆಯಲ್ಲಿ ಮೊದಲ ವಾಚನದ ಬಳಿಕ ಒಂದು ಕೀರ್ತನೆ, ಕೊನೆಗೆ ಶುಭಸಂದೇಶ ಎಂಬ ಏರ್ಪಾಡು ಆಗಲೇ ಇದೆ. ಮೂರು ವರ್ಷದ ಸುತ್ತಿನಲ್ಲಿ ಮುಖ್ಯವಾಗಿ ಮೊದಲ ವರ್ಷ ಮತ್ತಾಯ, ಎರಡನೆಯ ವರ್ಷ ಮಾರ್ಕ, ಮೂರನೆಯ ವರ್ಷ ಲೂಕನ ಸುವಾರ್ತೆಯನ್ನು ಓದುತ್ತಾರೆ. ಹಾಸನದ ಚರ್ಚಿನಲ್ಲಾಗಲಿ ಚಿಕ್ಕಮಗಳೂರಿನ ಪ್ರಧಾನಾಲಯದಲ್ಲಾಗಲಿ ಆ ಭಾನುವಾರದ ವಾಚನಗಳು ಒಂದೇ. ಆ ಕೀರ್ತನೆಯನ್ನೂ ಶುಭಸಂದೇಶವನ್ನೂ ಸೋಮವಾರದಿಂದ ಶನಿವಾರದವರೆಗೆ ಮನೆಯಲ್ಲಿ ಮತ್ತೆ ಓದಿದರೆ ಬೇರೆ ಪಟ್ಟಿ ಬೇಕಾಗಿಯೇ ಇಲ್ಲ.

ಇಲ್ಲಿ ಹೆಚ್ಚಿನವರು ಎಡವುವುದು ಕಣ್ಣು ಮುಚ್ಚಿ ಪುಸ್ತಕ ತೆರೆದು, ಬೆರಳಿಟ್ಟ ವಚನವನ್ನೇ ಆ ದಿನದ ದೇವರ ಮಾತೆಂದು ತಿಳಿಯುವಲ್ಲಿ. ಅದು ಶಕುನ ನೋಡುವ ಅಭ್ಯಾಸ, ಓದಲ್ಲ. ಬೆಳಿಗ್ಗೆ ವಾಟ್ಸ್ಯಾಪಿನಲ್ಲಿ ಬರುವ ಹೂವಿನ ಚಿತ್ರದ ವಚನದ ಬಗೆಗೂ ನನ್ನ ಅಭಿಪ್ರಾಯ ಅದೇ: ಕಳುಹಿಸಿದವರ ಪ್ರೀತಿಗೆ ವಂದಿಸಿ, ಆದರೆ ಅದು ಓದಿಗೆ ಬದಲಿಯಾಗಲಾರದು.

2. ಗಟ್ಟಿಯಾಗಿ, ನಿಧಾನವಾಗಿ, ಎರಡು ಬಾರಿ ಓದಿ

ಕೀರ್ತನೆಯ ವಚನ ಸಾಮಾನ್ಯವಾಗಿ ಎರಡು ಪಾದಗಳಲ್ಲಿ ಸಾಗುತ್ತದೆ. ಮೊದಲನೆಯದು ಒಂದು ಮಾತನ್ನು ಹೇಳುತ್ತದೆ, ಎರಡನೆಯದು ಅದನ್ನೇ ಬೇರೆ ರೀತಿಯಲ್ಲಿ ಹೇಳಿ ಬಲಪಡಿಸುತ್ತದೆ ಇಲ್ಲವೇ ಅದಕ್ಕೆ ಎದುರಾದುದನ್ನು ತಂದು ನಿಲ್ಲಿಸುತ್ತದೆ. ಎರಡು ಪಾದಗಳ ನಡುವೆ ಒಂದು ಉಸಿರಿನಷ್ಟು ನಿಲ್ಲಿ. ಇಬ್ಬರಿದ್ದರೆ ಒಬ್ಬರು ಮೊದಲ ಪಾದವನ್ನು, ಇನ್ನೊಬ್ಬರು ಎರಡನೆಯದನ್ನು ಓದಿ. ಓದಲು ಬಾರದ ಹಿರಿಯರು ಎರಡು ಮೂರು ದಿನ ಕೇಳಿದ ಮೇಲೆ ಎರಡನೆಯ ಪಾದವನ್ನು ತಾವೇ ಹೇಳತೊಡಗುವುದನ್ನು ನೀವೇ ಕಾಣುವಿರಿ.

3. ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು ಎಂದು ಕೇಳಿ

ಈ ಹಂತವನ್ನು ದಾಟಿಹೋದರೆ ಆಗುವ ಅಪಾಯವನ್ನು ಸುವಾರ್ತೆಯೇ ತೋರಿಸಿಕೊಟ್ಟಿದೆ. ಮತ್ತಾಯ 4:5-7ರಲ್ಲಿ ಸೈತಾನನು ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಗೆ ಧುಮುಕು, ದೇವದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರೆಂದು ಬರೆದಿದೆಯಲ್ಲ ಎನ್ನುತ್ತಾನೆ. ಅವನು ಉದ್ಧರಿಸಿದ್ದು 91ನೇ ಕೀರ್ತನೆಯ 11 ಮತ್ತು 12ನೇ ವಚನಗಳನ್ನು. ಮಾತು ಬೈಬಲಿನದೇ, ಬಳಕೆ ಮಾತ್ರ ಸುಳ್ಳು. ಯೇಸು ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡ ಎಂಬ ಪುಸ್ತಕದ 6:16ನ್ನು ಹಿಡಿದು, ದೇವರನ್ನು ಪರೀಕ್ಷಿಸಬಾರದು ಎಂದು ಉತ್ತರಿಸಿದರು.

ನಮ್ಮ ಕಡೆ ಈ ಪಾಠ ದಿನನಿತ್ಯದ್ದು. ಸಕಲೇಶಪುರ, ಆಲೂರು ಭಾಗದಲ್ಲಿ ಆನೆ ಇಳಿದಿದೆ ಎಂಬ ಸುದ್ದಿ ಬಂದ ಸಂಜೆಯೂ 91ನೇ ಕೀರ್ತನೆಯನ್ನು ಹೇಳಿಕೊಂಡು ತೋಟದ ಕಾಲುದಾರಿಯಲ್ಲಿ ಒಬ್ಬರೇ ಹೊರಡುವುದು ವಿಶ್ವಾಸವಲ್ಲ, ಯೇಸು ನಿರಾಕರಿಸಿದ್ದನ್ನೇ ನಾವು ಮಾಡುವುದು. ಕೀರ್ತನೆಯನ್ನು ಹೇಳಿ, ಮನೆಯಲ್ಲಿರಿ. ಹೋಗಲೇಬೇಕಾದರೆ ಜೊತೆಗಾರರನ್ನು ಕರೆದುಕೊಂಡು ಬಳಸುದಾರಿಯಲ್ಲಿ ಹೋಗಿ. ಜ್ವರ ಬಿಡದ ಮಗುವಿನ ತಲೆಯ ಮೇಲೆ ಬೈಬಲನ್ನಿಟ್ಟು ಆಸ್ಪತ್ರೆಗೆ ತಡ ಮಾಡುವವರಿಗೂ ನಾನು ಇದನ್ನೇ ಕಳಕಳಿಯಿಂದ ಹೇಳುತ್ತೇನೆ. ಪ್ರಾರ್ಥನೆ ಮಾಡುತ್ತಲೇ ಆಸ್ಪತ್ರೆಗೆ ಹೊರಡಿ.

4. ಸುವಾರ್ತೆಯ ಪ್ರಸಂಗಕ್ಕೆ ಜೊತೆಯಾದ ಕೀರ್ತನೆಯನ್ನು ಹುಡುಕಿ

ಅನೇಕ ಬೈಬಲುಗಳಲ್ಲಿ ಪುಟದ ಅಡಿಯಲ್ಲೋ ನಡುವೆಯೋ ಸಣ್ಣ ಅಕ್ಷರದಲ್ಲಿ ಸಂಬಂಧಪಟ್ಟ ವಚನಗಳ ಸೂಚನೆಯಿರುತ್ತದೆ. ಅದನ್ನು ಅನುಸರಿಸಿ ಹಿಂದಕ್ಕೆ ಹೋಗಿ, ಉದ್ಧರಿಸಿದ ಒಂದು ವಚನವನ್ನಷ್ಟೇ ಅಲ್ಲ, ಇಡೀ ಕೀರ್ತನೆಯನ್ನು ಓದಿ.

‘ಶಾಂತರು ಧನ್ಯರು, ಅವರು ಭೂಮಿಗೆ ಬಾಧ್ಯರಾಗುವರು’ ಎಂಬ ಪರ್ವತ ಪ್ರಸಂಗದ ಮಾತು (ಮತ್ತಾಯ 5:5) 37ನೇ ಕೀರ್ತನೆಯ 11ನೇ ವಚನದಿಂದ ಬಂದದ್ದು. ಆ ಕೀರ್ತನೆಯನ್ನು ಪೂರ್ತಿ ಓದಿದವರಿಗೆ ಮಾತ್ರ, ಅನ್ಯಾಯಗಾರರು ಏಳಿಗೆಯಾಗುವುದನ್ನು ಕಂಡು ಹೊಟ್ಟೆ ಉರಿಸಿಕೊಳ್ಳುತ್ತಿದ್ದ ಜನರಿಗೆ ಆ ಮಾತನ್ನು ಹೇಳಲಾಗಿತ್ತೆಂದು ಅರ್ಥವಾಗುತ್ತದೆ. ಮನೆ ಕಟ್ಟುವವರು ಬೇಡವೆಂದ ಕಲ್ಲೇ ಮುಖ್ಯವಾದ ಮೂಲೆಗಲ್ಲಾಯಿತು ಎಂದು ಯೇಸು ಹೇಳುವುದು (ಮಾರ್ಕ 12:10) 118ನೇ ಕೀರ್ತನೆಯಿಂದ. ಅವರ ಕೊನೆಯ ಪ್ರಾರ್ಥನೆ, ‘ನಿನ್ನ ಕೈಗಳಿಗೆ ನನ್ನ ಆತ್ಮವನ್ನು ಒಪ್ಪಿಸುತ್ತೇನೆ’ (ಲೂಕ 23:46), 31ನೇ ಕೀರ್ತನೆಯ 5ನೇ ವಚನ.

ಎಲ್ಲಕ್ಕಿಂತ ಮುಖ್ಯವಾದ ಜೋಡಿ ಮಾರ್ಕ 15:34 ಮತ್ತು 22ನೇ ಕೀರ್ತನೆ. ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?’ ಎಂಬ ಕೂಗಿನಿಂದ ಆರಂಭವಾಗುವ ಆ ಕೀರ್ತನೆಯಲ್ಲಿ ನೋಡುವವರ ಅಪಹಾಸ್ಯವಿದೆ, ಬಟ್ಟೆಗಾಗಿ ಚೀಟಿ ಹಾಕುವವರಿದ್ದಾರೆ, ಬತ್ತಿಹೋದ ಗಂಟಲಿದೆ. ಆದರೆ 22ನೇ ವಚನದಿಂದ ಅದು ತಿರುಗಿ, ದೇವರು ಬಡವನ ಸಂಕಟವನ್ನು ಕಂಡು ಮುಖ ಮರೆಮಾಡಲಿಲ್ಲ ಎಂಬ ಸ್ತೋತ್ರದಲ್ಲಿ ಮುಗಿಯುತ್ತದೆ. ಮೊದಲ ಸಾಲಿನಲ್ಲಿ ನಿಂತವರಿಗೆ ನಿರಾಶೆ ಮಾತ್ರ ಸಿಗುತ್ತದೆ, ನೇರವಾಗಿ ಕೊನೆಗೆ ಹಾರಿದವರಿಗೆ ಶಿಲುಬೆಯ ನೋವು ತಟ್ಟುವುದಿಲ್ಲ. ಇದನ್ನು ಒಂದೇ ಬಾರಿಗೆ, ಎದ್ದುಹೋಗದೆ ಓದಿ ಮುಗಿಸಿ.

5. ಪಾಠವನ್ನು ತೆಗೆಯುವುದು: ಒಂದು ಪ್ರಸಂಗವನ್ನು ಪೂರ್ತಿಯಾಗಿ ನೋಡೋಣ

ಮತ್ತಾಯ 20:1-16ನ್ನು ತೆಗೆಯಿರಿ. ದ್ರಾಕ್ಷಿತೋಟದ ಯಜಮಾನ ಬೆಳಗಿನ ಜಾವವೇ ಆಳುಗಳನ್ನು ಕರೆಯಲು ಹೊರಡುತ್ತಾನೆ, ದಿನಕ್ಕೊಂದು ದಿನಾರಿ ಎಂದು ಮಾತಾಗುತ್ತದೆ. ದಿನಾರಿ ಎಂಬುದು ಆ ಕಾಲದ ಒಂದು ದಿನದ ಕೂಲಿಯಾದ ಬೆಳ್ಳಿಯ ನಾಣ್ಯ. ಆಮೇಲೆ ಒಂಬತ್ತು ಗಂಟೆಗೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಪೇಟೆಗೆ ಹೋಗಿ ಇನ್ನಷ್ಟು ಜನರನ್ನು ಕರೆತರುತ್ತಾನೆ. ಸಂಜೆ ಬಟವಾಡೆ ಆಗುವಾಗ ಕೊನೆಗೆ ಬಂದವರಿಂದ ಮೊದಲ್ಗೊಂಡು ಎಲ್ಲರಿಗೂ ಒಂದೊಂದು ದಿನಾರಿಯೇ ಸಿಗುತ್ತದೆ. ಬೆಳಿಗ್ಗೆಯಿಂದ ಬಿಸಿಲಿನಲ್ಲಿ ದುಡಿದವರು ಗೊಣಗುತ್ತಾರೆ.

ಕಾಫಿ ತೋಟದ ಸೀಮೆಯಲ್ಲಿ ಈ ಕಥೆಯನ್ನು ವಿವರಿಸಬೇಕಾಗಿಲ್ಲ. ಕೊಯ್ಲಿನ ತಿಂಗಳುಗಳಲ್ಲಿ ಬುತ್ತಿ ಕಟ್ಟಿಕೊಂಡು ಜೀಪಿಗಾಗಿ ರಸ್ತೆಬದಿಯಲ್ಲಿ ನಿಂತವರು, ಜೀಪು ತುಂಬಿ ಹೊರಟ ಮೇಲೆ ಉಳಿದುಹೋದ ಒಬ್ಬಿಬ್ಬರು ವಯಸ್ಸಾದವರು, ಅವರು ಮನೆಗೂ ಹೋಗಲಾರದೆ ಅಂಗಡಿಯ ಜಗಲಿಯ ಮೇಲೆ ಕೂರುವುದು ಎಲ್ಲರೂ ಕಂಡದ್ದೇ. ‘ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ’ ಎಂಬ ಏಳನೆಯ ವಚನವನ್ನು ಅವರ ಬಾಯಿಂದ ಬಂದಂತೆ ಓದಿ.

ಈಗ ಮೂರನೆಯ ಹಂತದ ಪ್ರಶ್ನೆಯನ್ನು ಕೇಳಿ: ಇದನ್ನು ಯಾರಿಗೆ ಹೇಳಿದರು? ಹಿಂದಿನ ಅಧ್ಯಾಯದ ಕೊನೆಯಲ್ಲಿ (19:27) ಪೇತ್ರನು, ನಾವು ಎಲ್ಲವನ್ನೂ ಬಿಟ್ಟು ನಿನ್ನ ಹಿಂದೆ ಬಂದಿದ್ದೇವೆ, ನಮಗೇನು ದೊರಕುವುದು ಎಂದು ಕೇಳಿರುತ್ತಾನೆ. ಅಂದಮೇಲೆ ಗೊಣಗುವ ಆಳು ದೂರದವನಲ್ಲ, ಯೇಸುವಿನ ಮೊದಲ ಶಿಷ್ಯರೇ, ಹುಟ್ಟಿನಿಂದ ಚರ್ಚಿಗೆ ಹೋಗುತ್ತಿರುವ ನಾವೇ. ನಿನ್ನೆ ಮೊನ್ನೆ ಸಭೆಗೆ ಸೇರಿದವರಿಗೆ, ಬಹಳ ವರ್ಷ ದೂರವಿದ್ದು ಮರಳಿ ಬಂದವರಿಗೆ ನಮ್ಮಷ್ಟೇ ಸ್ಥಾನ ಸಿಕ್ಕಾಗ ನಮ್ಮ ಮನಸ್ಸು ಏನೆನ್ನುತ್ತದೆ ಎಂಬುದು ಇಲ್ಲಿನ ಮೊದಲ ಪಾಠ.

ಎರಡನೆಯದನ್ನು ಜೊತೆಯ ಕೀರ್ತನೆ ತೋರಿಸುತ್ತದೆ. ನಾನು ಇದಕ್ಕೆ 15ನೇ ಕೀರ್ತನೆಯನ್ನು ಜೋಡಿಸುತ್ತೇನೆ; ಐದೇ ವಚನಗಳ ಈ ಕೀರ್ತನೆ, ದೇವರ ಗುಡಾರದಲ್ಲಿ ಇರತಕ್ಕವನು ಯಾರು ಎಂದು ಕೇಳಿ, ನಷ್ಟವಾದರೂ ಆಣೆಯಿಟ್ಟ ಮಾತಿಗೆ ತಪ್ಪದವನು, ಸಾಲಕ್ಕೆ ಬಡ್ಡಿ ಕೇಳದವನು, ಲಂಚ ತೆಗೆದುಕೊಳ್ಳದವನು ಎಂದು ಉತ್ತರಿಸುತ್ತದೆ. ‘ನನ್ನದನ್ನು ನನ್ನಿಷ್ಟದಂತೆ ಕೊಡಬಾರದೋ?’ ಎಂಬ ಯಜಮಾನನ ಮಾತನ್ನು (20:15) ಕೂಲಿ ಕಡಿಮೆ ಕೊಡುವುದಕ್ಕೆ ಸಮರ್ಥನೆಯಾಗಿ ಬಳಸುವವರಿದ್ದಾರೆ. ಅದು ಘೋರವಾದ ತಪ್ಪು. ಆ ಯಜಮಾನ ಮೊದಲು ಬಂದವರಿಗೆ ಮಾತಾಡಿದ್ದಕ್ಕಿಂತ ಒಂದು ಕಾಸೂ ಕಡಿಮೆ ಕೊಡಲಿಲ್ಲ, ಕೊನೆಯವರಿಗೆ ಹೆಚ್ಚು ಕೊಟ್ಟ. ಅದೂ ಧರ್ಮೋಪದೇಶಕಾಂಡ 24:15 ಹೇಳುವಂತೆ ಸೂರ್ಯ ಮುಳುಗುವ ಮೊದಲೇ, ಅದೇ ದಿನ. ತೋಟವಿರುವವರು, ಮೇಸ್ತ್ರಿಗಳು, ಮನೆಗೆಲಸಕ್ಕೆ ಜನರನ್ನು ಇಟ್ಟುಕೊಂಡವರು ಈ ಪಾಠದ ಮುಂದೆ ಸ್ವಲ್ಪ ಹೊತ್ತು ಕೂರಬೇಕು.

ಪಾಠ ಯಾರಿಗೆ ಎಂಬುದರಲ್ಲೇ ಬಹುಪಾಲು ಮನೆಗಳ ಪ್ರಾರ್ಥನೆ ಹಳಿ ತಪ್ಪುತ್ತದೆ. ಅತ್ತೆ ಸೊಸೆಯ ಕಡೆಗೂ ತಂದೆ ಮಗನ ಕಡೆಗೂ ನೋಡುತ್ತಾ ವಚನ ಓದಿದರೆ ಮರುದಿನ ಮಗ ಪ್ರಾರ್ಥನೆಯ ಹೊತ್ತಿಗೆ ಮನೆಯಲ್ಲಿರುವುದಿಲ್ಲ. ಒಂದು ನಿಯಮ ಮಾಡಿಕೊಳ್ಳಿ: ಓದಿದ ಮೇಲೆ ಮಾತನಾಡುವವರು ‘ನನಗೆ’ ಎಂದೇ ಆರಂಭಿಸಬೇಕು, ಇನ್ನೊಬ್ಬರಿಗೆ ಬುದ್ಧಿ ಹೇಳಕೂಡದು.

6. ಕಠಿಣವಾದ ಕೀರ್ತನೆಗಳನ್ನು ಹಾರಿಸಬೇಡಿ

ಸ್ತೋತ್ರದ ಕೀರ್ತನೆಗಳನ್ನಷ್ಟೇ ಓದಿ ದುಃಖದವನ್ನು ಬಿಡುವುದು ನಮ್ಮ ರೂಢಿ. 13ನೇ ಕೀರ್ತನೆ ‘ಎಲ್ಲಿಯವರೆಗೆ?’ ಎಂದು ನಾಲ್ಕು ಬಾರಿ ಕೇಳುತ್ತದೆ. ಕಣದಲ್ಲಿ ಹರಡಿದ ಕಾಫಿಯ ಮೇಲೆ ಅಕಾಲದ ಮಳೆ ಸುರಿದ ದಿನ, ಸಾಲದ ಕಂತು ಕಟ್ಟಲಾಗದ ತಿಂಗಳು, ದೇವರ ಮುಂದೆ ಹೀಗೆ ಕೇಳುವ ಅಧಿಕಾರವನ್ನು ಆ ಕೀರ್ತನೆ ನಮಗೆ ಕೊಡುತ್ತದೆ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ; ಸಮಾಧಾನದ ಒಂದು ಸಾಲೂ ಕೊನೆಯಲ್ಲಿಲ್ಲ. ಮಗನನ್ನು ಕಳೆದುಕೊಂಡ ಮನೆಗೆ ಹೋದಾಗ ಉಪದೇಶ ಮಾಡದೆ ಇದನ್ನು ಓದಿ ಸುಮ್ಮನೆ ಕೂರಬಹುದು.

137ನೇ ಕೀರ್ತನೆ ಇನ್ನೂ ಕಷ್ಟದ್ದು. ಕ್ರಿ.ಪೂ. 6ನೇ ಶತಮಾನದಲ್ಲಿ ಬಾಬೆಲಿನವರು ಯೆರೂಸಲೇಮನ್ನೂ ಅದರ ದೇವಾಲಯವನ್ನೂ ನಾಶಮಾಡಿ ಜನರನ್ನು ಸೆರೆಯೊಯ್ದ ಮೇಲೆ, ನದಿಗಳ ಬಳಿ ಕುಳಿತು ಅತ್ತವರ ಹಾಡು ಅದು. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿಯನ್ನು ನೆನಪಿಸಿಕೊಂಡು ಇದನ್ನು ಓದಿ. ಫ್ರೆಂಚ್ ಮಿಷನರಿಗಳು 19ನೇ ಶತಮಾನದಲ್ಲಿ ಕಟ್ಟಿಸಿದ ಅಲ್ಲಿನ ಚರ್ಚು ಗೊರೂರು ಅಣೆಕಟ್ಟಿನ ಬಳಿಕ ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಚಾವಣಿಯಿಲ್ಲದ ಗೋಡೆ ಕಮಾನುಗಳಾಗಿ ಮೇಲೇಳುತ್ತದೆ. ಈಗ ಅದು ಛಾಯಾಚಿತ್ರದ ತಾಣ. ಅಲ್ಲಿ ಜ್ಞಾನಸ್ನಾನ ಪಡೆದು, ಮದುವೆಯಾಗಿ, ಆಮೇಲೆ ಊರನ್ನೇ ಬಿಟ್ಟು ಏಳಬೇಕಾದ ಕುಟುಂಬಗಳಿಗೆ ಅದು ಹಾಗಲ್ಲ. ಶೆಟ್ಟಿಹಳ್ಳಿಯವರಿಗೆ ಆದದ್ದು ಯುದ್ಧವಲ್ಲ, ಬಾಬೆಲಿನ ಕ್ರೌರ್ಯವೂ ಅಲ್ಲ. ಆದರೂ ಪರಸ್ಥಳದಲ್ಲಿ ಯೆಹೋವನ ಗೀತೆಯನ್ನು ಹೇಗೆ ಹಾಡೋಣ ಎಂಬ ನಾಲ್ಕನೆಯ ವಚನದ ಪ್ರಶ್ನೆ ಅವರಿಗೆ ಅರ್ಥವಾಗುವಷ್ಟು ನಮಗೆ ಆಗಲಾರದು.

ಆ ಕೀರ್ತನೆಯ ಕೊನೆಯ ವಚನ ಶತ್ರುಗಳ ಮಕ್ಕಳ ಸಾವನ್ನು ಬಯಸುತ್ತದೆ. ಅದನ್ನು ಆಜ್ಞೆಯೆಂದು ತಿಳಿಯಬಾರದು, ಮುಚ್ಚಿಡಲೂಬಾರದು. ನೊಂದವರು ತಮ್ಮ ಸೇಡನ್ನು ಕತ್ತಿಗೆ ಕೊಡದೆ ದೇವರ ಮುಂದೆ ಮಾತಾಗಿ ಸುರಿದದ್ದು ಅದು. ಓದಿದ ಕೂಡಲೇ ಮತ್ತಾಯ 5:44ನ್ನು ತೆರೆದು, ನಿಮ್ಮ ವೈರಿಗಳನ್ನು ಪ್ರೀತಿಸಿರಿ, ನಿಮ್ಮನ್ನು ಹಿಂಸೆಪಡಿಸುವವರಿಗಾಗಿ ಪ್ರಾರ್ಥಿಸಿರಿ ಎಂಬ ಮಾತನ್ನೂ ಓದಿ. ಕೋಪವೇ ಇಲ್ಲದವರಿಗೆ ಯೇಸು ಹೀಗೆ ಹೇಳಲಿಲ್ಲ; ಈ ಕೀರ್ತನೆಯನ್ನು ಬಾಯಿಪಾಠ ಬಲ್ಲ ಜನರಿಗೆ ಹೇಳಿದರು. ಚಿಕ್ಕ ಮಕ್ಕಳಿರುವಾಗ ಆರನೆಯ ವಚನಕ್ಕೆ ನಿಲ್ಲಿಸಿ, ಉಳಿದದ್ದನ್ನು ಅವರು ದೊಡ್ಡವರಾದಾಗ ಓದಿಸಿ.

7. ಒಂದೇ ವಾಕ್ಯ ಬರೆಯಿರಿ, ಒಂದೇ ಕೆಲಸ ಮಾಡಿ

ಒಳ್ಳೆಯ ಸಮಾರ್ಯದವನ ಸಾಮ್ಯವನ್ನು (ಲೂಕ 10:25-37) ಯೇಸು ಮುಗಿಸುವುದು ‘ನೀನೂ ಹೋಗಿ ಹಾಗೆಯೇ ಮಾಡು’ ಎಂದು. ಸಾಮ್ಯ ಎಂದರೆ ದಿನನಿತ್ಯದ ಸಂಗತಿಯನ್ನು ಹಿಡಿದು ದೇವರ ರಾಜ್ಯವನ್ನು ತೋರಿಸುವ ಕಥೆ. ವಾರದ ಕೊನೆಗೆ ನೋಟುಪುಸ್ತಕದಲ್ಲಿ ದಿನಾಂಕ, ಓದಿದ ಭಾಗ, ಮಾಡಬೇಕಾದ ಒಂದು ಕೆಲಸ, ಇಷ್ಟನ್ನೇ ಬರೆಯಿರಿ. ‘ಎಲ್ಲರನ್ನೂ ಪ್ರೀತಿಸುತ್ತೇನೆ’ ಎಂದು ಬರೆದರೆ ಏನೂ ಆಗುವುದಿಲ್ಲ. ‘ಗಡಿಯ ಬೇಲಿಯ ವಿಷಯಕ್ಕೆ ಮಾತು ಬಿಟ್ಟಿರುವ ಚಿಕ್ಕಪ್ಪನ ಮನೆಗೆ ಶನಿವಾರ ಹೋಗುತ್ತೇನೆ’ ಎಂದು ಬರೆಯಿರಿ. ಮುಂದಿನ ವಾರ ಮೊದಲು ಹಿಂದಿನ ವಾಕ್ಯವನ್ನು ನೋಡಿ. ಮಾಡಿಲ್ಲವಾದರೆ ಹೊಸದನ್ನು ಸೇರಿಸದೆ ಅದನ್ನೇ ಮುಂದುವರಿಸಿ.

ಮನೆಯ ಪರಿಸ್ಥಿತಿಗೆ ಹೊಂದಿಸಿಕೊಳ್ಳುವುದು

ಕೊಯ್ಲಿನ ದಿನಗಳಲ್ಲಿ ಎಲ್ಲರೂ ಸೋತು ಬಂದಿರುತ್ತಾರೆ. ಆಗ ಓದನ್ನು ನಿಲ್ಲಿಸಬೇಡಿ, ಚಿಕ್ಕದು ಮಾಡಿ: 117ನೇ ಕೀರ್ತನೆಯಲ್ಲಿರುವುದು ಎರಡೇ ವಚನ. 176 ವಚನಗಳ 119ನೆಯದನ್ನು ಮುಂಗಾರಿನ ದೀರ್ಘ ಸಂಜೆಗಳಿಗೆ ಇಟ್ಟುಕೊಳ್ಳಿ. ಅದು ಎಂಟೆಂಟು ವಚನಗಳ 22 ಖಂಡಗಳಾಗಿರುವುದರಿಂದ ದಿನಕ್ಕೊಂದು ಖಂಡ ಓದಬಹುದು. ಕರೆಂಟು ಹೋಗುವ ಕಾಲವಾದ್ದರಿಂದ ಮೊಬೈಲನ್ನು ನಂಬದೆ ಅಚ್ಚಾದ ಪುಸ್ತಕವನ್ನು ಹತ್ತಿರವಿಟ್ಟುಕೊಳ್ಳಿ. ಮನೆಮಾತು ಕೊಂಕಣಿ, ತಮಿಳು, ಮಲಯಾಳ ಅಥವಾ ತುಳು ಆಗಿದ್ದರೆ ಕನ್ನಡದಲ್ಲಿ ಓದಿ, ಮನೆಮಾತಿನಲ್ಲಿ ಮಾತಾಡಿ, ಮನೆಮಾತಿನಲ್ಲೇ ಪ್ರಾರ್ಥಿಸಿ. ಜಪಸರ ಹೇಳುವ ಮನೆಗಳಲ್ಲಿ ಅದಕ್ಕೆ ಮೊದಲು ಕೀರ್ತನೆಯನ್ನು ಓದಿದರೆ ಎರಡಕ್ಕೂ ತೊಡಕಾಗುವುದಿಲ್ಲ.

ಅರ್ಥವಾಗದ ಭಾಗ ಬಂದಾಗ ಅದಕ್ಕೆ ಗುರುತು ಹಾಕಿ ಮುಂದೆ ಸಾಗಿ, ಭಾನುವಾರ ಫಾದರ್ ಅಥವಾ ಪಾಸ್ಟರ್ ಅವರನ್ನು ಕೇಳಿ. ಚರ್ಚಿನ ಬಾಗಿಲಲ್ಲಿ ಅವಸರದಿಂದ ಅಲ್ಲ, ಮೊದಲೇ ಸಮಯ ಕೇಳಿಕೊಂಡು. ಮಾರ್ಕನ ಸುವಾರ್ತೆ ಮುಗಿದ ಮೇಲೆ ಲೂಕನದಕ್ಕೆ ಹೋಗಿ. ಸಮಾರ್ಯದವನ ಕಥೆಯೂ ತಪ್ಪಿಹೋದ ಮಗನ ಕಥೆಯೂ ಅದರಲ್ಲಿ ಮಾತ್ರ ಸಿಗುತ್ತವೆ. ಅದರ 18ನೇ ಅಧ್ಯಾಯದಲ್ಲಿ ಸುಂಕದವನ ಪ್ರಾರ್ಥನೆ ಬಂದ ವಾರ 51ನೇ ಕೀರ್ತನೆಯನ್ನು ಮತ್ತೊಮ್ಮೆ ತೆಗೆಯಿರಿ.